ನಡುಗಡ್ಡಿ ಟಿಕೀಟು

ಭೈರಿದೇವರಕೊಪ್ಪದ ಸ್ಟೇಶನ್ ಅಂದ್ರ
ರಸ್ತೆಯ ನಟ್ಟನಡುವ ಉದ್ದನ್ನ ಗಾಜಿನ ಡಬ್ಬಿ.
ಈ ಕಡೆ ಲಾರಿ, ಆ ಕಡೆ ಲಾರಿ,
ನಡಕ ಒಂದು ಕಿಂಡಿ, ಒಂದು ಕುರ್ಚಿ, ನಾನು.
ಆರರಿಂದ ಎರಡರ ತನಕ
ಚಿಲ್ಲರಿ ಕೊಡ್ರಿ ಅನ್ನೂದು,
ಇಲ್ಲಂದ್ರ ಎರಡು ರೂಪಾಯಿ ನಾನ ಬಾಕಿ ಇರೂದು.

ದಸ್ತಗೀರಸಾಬ್ರು ಬರೂದು ರವಿವಾರ, ಹತ್ತರ ಮ್ಯಾಲೆ.
ಜೋಡಿ ಮೊಮ್ಮಗಳು ಮಹಜಬೀನ್,
ಓಣಿಯ ಇನ್ನೆರಡು ಹುಡುಗೂರು.
ಒಬ್ಬನ ಕೊಳ್ಳಾಗ ನೀರಿನ ಬಾಟ್ಲಿ,
ಇನ್ನೊಬ್ಬನ ಕೈಯಾಗ ಚುರಮರಿ ಪೊಟ್ಟಣ.
"ಒಂದು ಫುಲ್ಲು, ಮೂರು ಹಾಫು. ನವನಗರಕ್ಕ."
ನವನಗರದಾಗ ಇಳಿದು ರಾಯಾಪುರಕ್ಕ,
ರಾಯಾಪುರದಾಗ ಇಳಿದು ಸತ್ತೂರಿಗೆ,
ಹೊಸದಾಗಿ ಸರತಿ, ಹೊಸದಾಗಿ ರೊಕ್ಕ.

ನಾನ ಹೇಳಿದೆ, "ಸಾಬ್ರ,
ಒಮ್ಮೆಲೆ ಧಾರವಾಡಕ್ಕ ತಗೊಂಡ್ರ ಅರ್ಧ ಉಳೀತೈತ್ರಿ."
"ಉಳೀತೈತವ್ವ.
ಆದ್ರ ಘಾರಾಪುರಿಗೆ ಬ್ಯಾರೆ ಟಿಕೀಟು, ನೀರಾಗಿನ ಕಿಲ್ಲೇಕ್ಕ ಬ್ಯಾರೆ.
ದ್ವೀಪಕ್ಕೊಂದು ಕೊಟ್ರ ಅದು ತಿರುಗಾಟ,
ಇಲ್ಲಂದ್ರ ಬರೇ ಸಾಗಾಣಿಕಿ."

ಮುಂಬೈ ಧಕ್ಕೆಯಾಗ ಖಲಾಸಿ, ಇಪ್ಪತ್ತಾರು ವರ್ಷ.
ಲಾಂಚಿನ ಮೂತಿಮ್ಯಾಲೆ ನಿಂತು ಹಗ್ಗ ಒಗಿಯೂದು,
ಮಂದಿ ಇಳಿಸೂದು, ಮಂದಿ ಹತ್ತಿಸೂದು, ಹಗ್ಗ ಬಿಚ್ಚೂದು.
ದ್ವೀಪದೊಳಗ ಏನೇನಿತ್ರಿ ಅಂತ ಕೇಳಿದೆ.
"ಗೊತ್ತಿಲ್ಲ," ಅಂದ್ರು.
"ಇಳಿಯಾಕ ಹೊತ್ತೆಲ್ಲಿತ್ತು?"

ಚಿಗರಿ ಬರತೈತಿ. ಓರಿಯಾಗಿ ನಿಲ್ಲತೈತಿ.
ಬಸ್ಸಿಗೂ ಕಟ್ಟಿಗೂ ನಡುವ ಒಂದು ಗೇಣು ಸಂದು.
ಸಾಬ್ರು ಬಲಗೈ ಹಿಂದಕ್ಕ ಎಳದು
ಇಲ್ಲದ ಹಗ್ಗ ಒಗೀತಾರ.
ಮಹಜಬೀನ್ ಅದನ್ನ ಇಲ್ಲದ ಗೂಟಕ್ಕ ಎರಡು ಸುತ್ತು ಸುತ್ತಿ
ಜಗ್ಗಿ ನೋಡತಾಳ.
"ಈಗ ಕಾಲಿಡ್ರಿ. ಸಂದಿನಾಗ ನೋಡಬ್ಯಾಡ್ರಿ, ನೀರು ಎಳೀತೈತಿ."
ಸೆಕ್ಯುರಿಟಿ ಫಕ್ಕೀರಪ್ಪ ಮೊದಮೊದಲ ನಗತಿದ್ದ.
ಈಗ ಅಂವ ಬರದಿದ್ದ ದಿನ
ಹಗ್ಗ ಹಿಡಿಯಾವರು ಯಾರು ಅಂತ ಹುಡುಗೂರು ಹುಡಕತಾವ.

ಹೊಳ್ಳಿ ಬಂದಾಗ ಕಿಂಡಿಗೆ ಮೂಗು ಹಚ್ಚಿ ವರದಿ:
ನವನಗರದಾಗ ಟಿಕೀಟಿಲ್ಲದ ಒಂದು ಬೆಕ್ಕೈತಿ.
ರಾಯಾಪುರದಾಗ ಫ್ಯಾನು ತಿರಗೂದಿಲ್ಲ.
ಸತ್ತೂರಿನಾಗ ದವಾಖಾನಿ ಮಂದಿ
ಊಟದ ಡಬ್ಬಿ ತೊಡಿಮ್ಯಾಲೆ ಇಟಗೊಂಡು
ಯಾರೂ ಮಾತಾಡೂದಿಲ್ಲ.

ಆಷಾಢದಾಗ ಒಂದು ಬುಧವಾರ
ನಾಲಾ ತುಂಬಿ ರಸ್ತೆಗೆ ಬಂತು.
ಎರಡೂ ಕಡೆ ಕೆಂಪು ನೀರು, ಯಾರದೋ ಚಪ್ಪಲಿ, ಬಕೀಟು.
ಒಂದೂವರೆ ತಾಸು ಬಸ್ಸಿಲ್ಲ, ಲೈಟಿಲ್ಲ.
ಖರೇ ದ್ವೀಪ ಆಗಿತ್ತು ಆವತ್ತು,
ಸಾಬ್ರು ಇರಲಿಲ್ಲ ನೋಡಾಕ.

ನಾನು ಸಮುದ್ರ ನೋಡಿಲ್ಲ.
ಕಾರವಾರ ಏನ ಮಹಾ ದೂರ? ನಾಕ ತಾಸು. ನೋಡಿಲ್ಲ.
ರಜಾ ಅಂದ್ರ ಅರಬಿ ಒಗಿಯೂದು, ಗಿರಣಿಗೆ ಹೋಗೂದು.
ಹೋದ ಮಂಗಳವಾರ ಜ್ವಾಳದ ಡಬ್ಬಿ ಅಲ್ಲೇ ಗಿರಣಿಯಾಗ ಬಿಟ್ಟು
ಕಿಂಡಿಯ ಹೊರಗ ನಿಂತೆ.
ಎಂಥಾ ಸಣ್ಣದು ಕಾಣತೈತ್ರಿ ನನ್ನ ಕಿಂಡಿ, ಹೊರಗಿಂದ!
"ಒಂದು ಫುಲ್ಲು. ಸತ್ತೂರು."

ಬಸ್ಸು ನಿಂತಾಗ, ಯಾರೂ ನೋಡವಲ್ಲರು ಅಂತ ಖಾತ್ರಿ ಮಾಡಿಕೊಂಡು,
ಬಲಗೈ ಒಂದಿಷ್ಟ ಎತ್ತಿದೆ.
ಸಂದಿನಾಗ ನೋಡಲಿಲ್ಲ.

ಅಲ್ಲಿಯ ಕಿಂಡಿಯಾಗ ಕಸ್ತೂರಿ.
ನಂದ ಬಣ್ಣದ ಯೂನಿಫಾರ್ಮು, ನಂದ ಕುರ್ಚಿ.
"ದಾಕ್ಷಾಯಣಿ! ಏನ ಈ ಕಡೆ? ದವಾಖಾನಿಗೇನ?"
"ಇಲ್ಲ."
"ಮತ್ತೆಲ್ಲಿಗೆ?"
"ಇಲ್ಲಿಗೇ."
"ಇಲ್ಲೇನೈತಿ?"

ಕೊರದ ಬಾಟ್ಲಿಯಾಗ ಒಂದು ಕರಿಬೇವಿನ ಸಸಿ ಇತ್ತು,
ಮಷೀನಿನ ಹಿಂದ, ಬಿಸಿಲು ಬರೂ ಕಡೆ ಮುಖ ಮಾಡಿ.
ನಾಕು ಎಸಳು.
ನಾಕು ವರ್ಷದಿಂದ ದಿನಾ ಫೋನಿನಾಗ
ಲೆಕ್ಕ ಹೊಂದಿತೇನ, ಹೊಂದಿತೇನ ಅಂತ ಕೇಳಾಕಿ
ಇದರ ಸುದ್ದಿ ಹೇಳಿರಲಿಲ್ಲ.